ಕಣ್ಣು ಬಿಟ್ಟು ಮುಳುಗಿದ ವರ್ಷ

ರಬ್ಬರಿನ ವಾಸನೆಗೆ ಯಾರಾದರೂ ಕಣ್ಣೀರು ಹಾಕುತ್ತಾರೆಯೇ? ನಾನು ಈ ಸಲ ಮಳೆಗಾಲ ಹತ್ತಿರ ಬಂದಾಗ ಕೊಲ್ಲಾಪುರದಲ್ಲಿ ಹಾಕಿದೆ. ನದಿಗೆ ಇಳಿಯುವ ನಮ್ಮಂಥವರನ್ನು ಸುತ್ತಲಿನ ಊರುಗಳಿಂದ ಕರೆಸಿ ತರಬೇತಿ ಇಟ್ಟಿದ್ದರು. ಸಂಜೆ ಹೊರಡುವಾಗ ಎಲ್ಲರಿಗೂ ಒಂದೊಂದು ಚೀಲ ಕೊಟ್ಟರು. ಅದರೊಳಗೆ ಲೈಫ್ ಜಾಕೆಟ್, ಸೀಟಿ, ಟಾರ್ಚು, ಜೊತೆಗೆ ನೀರೊಳಗೆ ಕಣ್ಣು ಮೂಗು ಮುಚ್ಚುವಂತೆ ಹಾಕಿಕೊಳ್ಳುವ ಗಾಜಿನ ಮಾಸ್ಕು. ಹಾತಕಣಂಗಲೆಯಿಂದ ಬಂದಿದ್ದ ಒಬ್ಬ ಅದನ್ನು ಹಣೆಗೇರಿಸಿಕೊಂಡು, "ಪಂಚಗಂಗೇಚ್ಯಾ ಗಾಳಾತ ಹ್ಯಾತನಂ ಕಾಯ್ ದಿಸಣಾರ?" ಎಂದ. ಪಂಚಗಂಗೆಯ ರಾಡಿಯಲ್ಲಿ ಇದರಿಂದ ಏನು ಕಾಣಬೇಕು ಎಂಬುದು ಅವನ ಪ್ರಶ್ನೆ. ಎಲ್ಲರೂ ನಕ್ಕರು. ನಾನು ಮಾತ್ರ ಮಾಸ್ಕನ್ನು ಮೂಗಿಗೆ ಹಿಡಿದುಕೊಂಡು ನಿಂತುಬಿಟ್ಟೆ. ಅದೇ ಹೊಸ ರಬ್ಬರಿನ ವಾಸನೆ. ಪಕ್ಕದವನು, "ಕಾಕಾ, ಚಹಾಪುಡಿ ಅಲ್ರೀ ಅದು," ಎಂದ. ಆಮೇಲೆ ನನ್ನ ಮುಖ ನೋಡಿ ತನ್ನ ಚೀಲದ ಬಾಯಿ ಕಟ್ಟತೊಡಗಿದ.

ಅದು ನನಗೆ ಹೆಂಡತಿ ಕಾಶವ್ವ ತೀರಿಹೋದ ವರ್ಷದ ವಾಸನೆ.

ನಾನು ಮಲ್ಲಪ್ಪ. ಇಚಲಕರಂಜಿಯ ಶಹಾಪುರದಲ್ಲಿ ಮಗ್ಗದ ಶೆಡ್ಡೊಂದರಲ್ಲಿ ಜಾಬರ್. ಅಂದರೆ ಕೆಟ್ಟು ನಿಂತ ಮಗ್ಗವನ್ನು ಬಯ್ದು, ಬಡಿದು, ಎಣ್ಣೆ ಉಣಿಸಿ ಮತ್ತೆ ದಾರಿಗೆ ತರುವವನು. ಹುಟ್ಟಿದ್ದು ದೂಧಗಂಗೆಯ ದಂಡೆಯಲ್ಲಿ. ನಾನು ನಡೆಯಲು ಮೊದಲು ಕಲಿತೆನೋ ಈಜಲು ಮೊದಲು ಕಲಿತೆನೋ ಎಂಬುದು ನಮ್ಮವ್ವನಿಗೂ ಸರಿಯಾಗಿ ನೆನಪಿರಲಿಲ್ಲ. ಶಹಾಪುರಕ್ಕೆ ಬಂದ ಹೊಸದರಲ್ಲಿ ಒಮ್ಮೆ ಪಂಚಗಂಗೆಯ ಘಾಟಿನ ಮೆಟ್ಟಿಲ ಬಳಿ ಮುಳುಗಿದವನೊಬ್ಬನನ್ನು ಹುಡುಕಿ ಮೇಲೆ ತಂದೆ. ಅಷ್ಟು ಸಾಕಾಯಿತು. ಆಮೇಲೆ ನದಿಯಲ್ಲಿ ಯಾರು ಕಾಣೆಯಾದರೂ ಜನ ಮೊದಲು ನಮ್ಮ ಮನೆಯ ಬಾಗಿಲು ಬಡಿಯತೊಡಗಿದರು.

ಬದುಕಿದವರನ್ನು ಎಳೆದು ತಂದವನಿಗೆ ಹಾರ ಹಾಕುತ್ತಾರೆ. ನನ್ನ ಪಾಲಿಗೆ ಬರುತ್ತಿದ್ದವರು ಹೆಚ್ಚಾಗಿ ಸತ್ತವರೇ. ಕರೆಯುವಾಗ ಕೈಮುಗಿಯುತ್ತಿದ್ದರು; ಕೆಲಸವಾದ ಮೇಲೆ ನಾನು ನಡೆದು ಬರುವ ದಾರಿಯಲ್ಲಿ ತುಸು ಪಕ್ಕಕ್ಕೆ ಸರಿಯುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕದ ಜಾಗ ಎಲ್ಲಕ್ಕಿಂತ ಕೊನೆಗೆ ತುಂಬುತ್ತಿತ್ತು. ನನಗೆ ಸಿಟ್ಟೇನೂ ಇರಲಿಲ್ಲ. ಒಂದು ಪಕ್ಕದಲ್ಲಿ ಯಾವಾಗಲೂ ಕಾಶವ್ವ ಕುಳಿತಿರುತ್ತಿದ್ದಳು, ಇನ್ನೊಂದು ಪಕ್ಕದ ಚಿಂತೆ ಯಾರಿಗೆ?

ನದಿಯಲ್ಲಿ ಹುಡುಕುವ ಕೆಲಸವೆಂದರೆ ಕಣ್ಣಿನ ಕೆಲಸ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಮಳೆಗಾಲದ ನೀರಿನಲ್ಲಿ ಕಣ್ಣು ಬಿಟ್ಟರೆ ಉಸುಕು ಹೊಗುತ್ತದೆ, ಬೇರೇನೂ ಇಲ್ಲ. ಹಾಗಾಗಿ ನಾವು ಉಸಿರು ಕಟ್ಟಿ, ಕಣ್ಣು ಮುಚ್ಚಿ, ಎರಡೂ ಕೈ ಮುಂದೆ ಚಾಚಿ ಮುಳುಗುತ್ತೇವೆ. ಬಟ್ಟೆ ಯಾವುದು, ಗಿಡದ ಬೇರು ಯಾವುದು, ಕೂದಲು ಯಾವುದು ಎಂದು ಬೆರಳು ಹೇಳುತ್ತದೆ. ಕೂದಲು ಸಿಕ್ಕಿತೆಂದರೆ ಹುಡುಕಾಟ ಮುಗಿಯಿತು.

ಸೊಂಟಕ್ಕೊಂದು ಹಗ್ಗ ಇರುತ್ತದೆ. ಅದರ ಇನ್ನೊಂದು ತುದಿ ದಂಡೆಯ ಮೇಲೆ ಒಬ್ಬರ ಕೈಯಲ್ಲಿ. ಒಮ್ಮೆ ಜಗ್ಗಿದರೆ ಸಡಿಲ ಬಿಡು ಎಂದರ್ಥ, ಎರಡು ಸಲ ಜಗ್ಗಿದರೆ ಮೇಲೆಳೆ. ಮೊದಮೊದಲು ಗಂಡಸರು ಹಿಡಿಯುತ್ತಿದ್ದರು. ಒಮ್ಮೆ ನಾನು ಕೆಳಗೆ ಮೀನಿನ ಹಳೆಯ ಬಲೆಯಲ್ಲಿ ಸಿಕ್ಕಿ ಹಗ್ಗ ಜಗ್ಗುತ್ತಲೇ ಇದ್ದೆ. ಮೇಲೆ ಹಗ್ಗ ಹಿಡಿದ ಪುಣ್ಯಾತ್ಮ ಮೊಬೈಲಿನಲ್ಲಿ ಮಾತಾಡುತ್ತ ನಿಂತಿದ್ದ. ಹೇಗೋ ಬಿಡಿಸಿಕೊಂಡು ಬಂದು ದಂಡೆಗೆ ಬಿದ್ದಾಗ, ಗುಂಪಿನ ಹಿಂದೆ ನಿಂತಿದ್ದ ಕಾಶವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ಅವನ ಕೈಯಿಂದ ಹಗ್ಗ ಕಸಿದುಕೊಂಡಳು.

"ಇನ್ನ ಮ್ಯಾಲ ಇದು ನನ್ನ ಕೈಯಾಗ ಇರ್ತೈತಿ," ಎಂದಳು.

"ಬಾಯಿಮಾಣಸಾಚಂ ಕಾಮ ನ್ಹವ ಹೇ," ಹೆಂಗಸರ ಕೆಲಸವಲ್ಲ ಇದು, ಎಂದು ಯಾರೋ ಗೊಣಗಿದರು.

"ದಿನಾ ಸಾವಿರ ನೂಲು ನನ್ನ ಬೆರಳಿನಾಗ ಹಾದು ಹೋಗ್ತಾವ್ರಿ. ಹರಿಯೂಕಿಂತ ಮದಲ ನನಗ ಗೊತ್ತಾಕ್ಕೈತಿ. ಈ ಹಗ್ಗ ಏನ ಮಹಾ?" ಎಂದಳು ಅವಳು.

ಅವಳದು ಕಾಂಡಿ ಕೆಲಸ. ಸೀರೆಯ ಅಂಚಿಗೆ ಬೇಕಾದ ಬಣ್ಣದ ನೂಲನ್ನು ಕಾಂಡಿ ಎಂಬ ಸಣ್ಣ ಸಣ್ಣ ಕೊಳವೆಗಳಿಗೆ ಸುತ್ತುವ ಮಷೀನಿನ ಮುಂದೆ ಇಡೀ ದಿನ ಕೂರುವುದು. ನೂಲು ತುಸು ಬಿಗಿಯಾದರೂ ಸಡಿಲಾದರೂ ಬೆರಳಿಗೆ ತಿಳಿಯಬೇಕು. ಅವಳು ಹಗ್ಗ ಹಿಡಿದ ಮೇಲೆ ನಾನು ಜಗ್ಗುವ ಪ್ರಸಂಗವೇ ಕಡಿಮೆಯಾಯಿತು. ಉಸಿರು ಮುಗಿಯುತ್ತ ಬಂತು ಎಂದು ನನಗೆ ಅನಿಸುವ ಹೊತ್ತಿಗೆ ಹಗ್ಗ ತಾನಾಗಿ ಮೇಲಕ್ಕೆ ಎಳೆಯುತ್ತಿತ್ತು. ಹಗ್ಗವನ್ನು ಗಿಡಕ್ಕೆ ಕಟ್ಟಿದರಾಯಿತಲ್ಲ ಎಂದು ಒಬ್ಬರು ಸಲಹೆ ಕೊಟ್ಟಾಗ ಅವಳು, "ಗಿಡಕ್ಕ ಜೀವ ಐತ್ರಿ, ಇವರ ಮ್ಯಾಲ ಜೀವ ಇಲ್ಲ," ಎಂದಿದ್ದಳು. ಆ ಮಾತಿಗೆ ಘಾಟಿನ ಮೇಲಿದ್ದ ಗಂಡಸರೆಲ್ಲ ನಕ್ಕರು. ನಾನು ತಲೆ ಒರೆಸಿಕೊಳ್ಳುವ ನೆವದಲ್ಲಿ ಮುಖ ಮುಚ್ಚಿಕೊಂಡೆ.

ನಾನು ಮೇಲೆ ಬಂದು ಮೊದಲ ಉಸಿರು ತೆಗೆದುಕೊಂಡ ಕೂಡಲೇ ಅವಳು ಒಂದೇ ಮಾತು ಕೇಳುತ್ತಿದ್ದಳು.

"ಏನ ಕಂಡ್ರಿ ಒಳಗ?"

"ಏನಿಲ್ಲ. ಕತ್ತಲಿ."

ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಸಿಕ್ಕವರು ಯಾವ ಸ್ಥಿತಿಯಲ್ಲೇ ಇರಲಿ, ದಂಡೆಯಲ್ಲಿ ಎಂಥ ಗೋಳಾಟವೇ ಇರಲಿ, ಅವಳು ಕೇಳದೆ ಬಿಡುತ್ತಿರಲಿಲ್ಲ. ಒಮ್ಮೆ ರೇಗಿ, "ಕಣ್ಣ ಮುಚ್ಚಿಕೊಂಡ ಹೋಗಾವಗ ಏನ ಕಾಣ್ತೈತಿ? ಯಾಕ ಅದನ್ನ ಕೇಳ್ತಿ?" ಎಂದೆ. "ನೀವು ಮಾತಾಡಿದ್ರಿ ಅಂದ್ರ ಪೂರಾ ಮ್ಯಾಲ ಬಂದೀರಿ ಅಂತ ನನಗ ತಿಳಿತೈತಿ," ಎಂದಳು. ಈ ಕೆಲಸ ಮಾಡುವ ಕೆಲವರು ದಂಡೆಗೆ ಬಂದ ಮೇಲೂ ದಿನಗಟ್ಟಲೆ ಬಾಯಿ ಬಿಡದೆ, ಕೊನೆಗೆ ಕುಡಿತಕ್ಕೆ ಬಿದ್ದದ್ದನ್ನು ಅವಳು ನೋಡಿದ್ದಳು.

ಆ ವರ್ಷ ಮೃಗಶಿರಾ ಮಳೆ ಶುರುವಾದ ವಾರದಲ್ಲಿ, ಮಧ್ಯಾಹ್ನ ಕಾಂಡಿ ಮಷೀನಿನ ಮುಂದೆ ಕುಳಿತವಳು ಹಾಗೆಯೇ ಪಕ್ಕಕ್ಕೆ ವಾಲಿದಳು. ಹೃದಯ ನಿಂತಿತು ಎಂದರು. ನಾನು ಅದೇ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಮಗ್ಗದ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದೆ. ಮಗ್ಗಗಳ ಸದ್ದಿನಲ್ಲಿ ಯಾರು ಕೂಗಿದ್ದೂ ನನಗೆ ಕೇಳಿಸಲಿಲ್ಲ. ಪಕ್ಕದ ಮಗ್ಗದ ಸಂಭಾ ಬಂದು ಕಾಲು ಹಿಡಿದು ಎಳೆದ ಮೇಲೆಯೇ ಗೊತ್ತಾದದ್ದು. ಅವಳ ಬೆರಳುಗಳಿಗೆ ರಾಣಿ ಬಣ್ಣದ ಕಡುಗುಲಾಬಿ ನೂಲು ಸುತ್ತಿಕೊಂಡಿತ್ತು. ನಾನೇ ಬಿಡಿಸಿದೆ.

ಮನೆಯಲ್ಲಿ ಹಗ್ಗ ಗೂಟಕ್ಕೆ ತೂಗಿತು. ನಾನು ಅನ್ನ ಮಾಡಿಕೊಳ್ಳಲು ಕಲಿತೆ, ಸಾರಿನಲ್ಲಿ ಉಪ್ಪು ಮರೆಯುವುದನ್ನೂ ಕಲಿತೆ. ಶೆಡ್ಡಿನ ಗದ್ದಲದಿಂದ ಮನೆಗೆ ಬಂದರೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಇನ್ನೂ ಇರುತ್ತದೆ. ಮೊದಲು ಅವಳ ಮಾತಿನಲ್ಲಿ ಅದು ಗೊತ್ತಾಗದೆ ಕರಗುತ್ತಿತ್ತು. ಈಗ ಅದು ನಿದ್ದೆ ಹತ್ತುವ ತನಕ ಜೊತೆಗಿರುತ್ತಿತ್ತು. ಒಂಟಿತನ ಎಂಬುದಕ್ಕೆ ಸದ್ದು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಶ್ರಾವಣದಲ್ಲಿ ನದಿ ಏರಿತು. ಸೇತುವೆಯ ಮೇಲೆ ನೀರು ಹರಿಯುವಾಗ ಬೈಕು ದಾಟಿಸಲು ಹೋದ ಒಬ್ಬ ತರುಣ ಕೊಚ್ಚಿಹೋದ. ನೀರು ತುಸು ಇಳಿದ ಮೇಲೆ ಸಂಭಾ ಓಡುತ್ತ ಬಂದ.

"ಮಲ್ಲೂ, ಚಲ. ಸಗಳೇ ತುಝೀಚ ವಾಟ ಬಗತ್ಯಾತ," ಎಂದ. ಎಲ್ಲರೂ ನನ್ನ ದಾರಿಯನ್ನೇ ಕಾಯುತ್ತಿದ್ದಾರಂತೆ.

ನಾನು ಹೋದೆ. ಹಗ್ಗ ಕಟ್ಟಿಕೊಂಡು ಮೆಟ್ಟಿಲು ಇಳಿದೆ. ನೀರು ಸೊಂಟಕ್ಕೆ ಬಂತು. ಅಲ್ಲಿಂದ ಮುಂದೆ ಕಾಲು ಏಳಲಿಲ್ಲ. ಹಿಂದಿರುಗಿ ನೋಡಿದರೆ ಹಗ್ಗದ ತುದಿ ಸಂಭಾನ ಕೈಯಲ್ಲಿ. ಸಂಭಾ ಒಳ್ಳೆಯವನೇ, ಮೊಬೈಲು ಕೂಡ ಮುಟ್ಟಿರಲಿಲ್ಲ. ಆದರೂ ನನ್ನ ಮೈ ಅವನನ್ನು ನಂಬಲಿಲ್ಲ. ಹಲ್ಲು ಕಟಕಟ ಎನ್ನತೊಡಗಿತು. ನಾನು ಮೆಟ್ಟಿಲು ಹತ್ತಿ, ಹಗ್ಗ ಬಿಚ್ಚಿ, "ನನ್ನಿಂದ ಆಗೂದಿಲ್ಲ," ಎಂದೆ. ಮರಾಠಿಯಲ್ಲಿ ಹೇಳಬೇಕೆಂದೂ ಹೊಳೆಯಲಿಲ್ಲ. ಆ ತರುಣನ ತಾಯಿ ಘಾಟಿನ ಮೇಲೆ ಕುಳಿತಿದ್ದಳು. ದೇಹ ಮುಂದೆ ಎಷ್ಟೋ ದೂರ, ತಾನಾಗಿಯೇ ತೇಲಿದ ಮೇಲೆ ಸಿಕ್ಕಿತು. ಆ ತಾಯಿ ಅಲ್ಲಿಯ ತನಕ ಘಾಟಿನ ಮೇಲಿಂದ ಎದ್ದಿರಲಿಲ್ಲವಂತೆ. ಇದನ್ನು ಸಂಭಾ ಹೇಳಿದಾಗ ನಾನು ಮಗ್ಗದ ಪಟ್ಟಾ ಹಾಕುತ್ತಿದ್ದೆ, ಅದನ್ನು ತಿರುಗುಮುರುಗಾಗಿ ಹಾಕಿಬಿಟ್ಟೆ. ಆಮೇಲೆ ಯಾರೂ ಬಾಗಿಲು ಬಡಿಯಲಿಲ್ಲ. ಬಡಿದು ಪ್ರಯೋಜನವಿಲ್ಲವೆಂದು ಊರಿಗೆ ತಿಳಿದಿತ್ತು. ಹೆಂಡತಿಯೂ ಹೋದಳು, ನೀರೂ ಹೋಯಿತು. ಜನರಿಗೆ ನನ್ನಿಂದ ಬೇಕಾಗಿದ್ದ ಒಂದೇ ಒಂದು ಕೆಲಸ ಅದಾಗಿತ್ತು.

ದೀಪಾವಳಿಗೆ ಶೆಡ್ಡು ಮುಚ್ಚಿದರು. ಮಗಳು ಸುನಂದಾ ಗಡಹಿಂಗ್ಲಜದಿಂದ ಫೋನು ಮಾಡಿದಳು. "ಅಪ್ಪಾ, ಹಬ್ಬದಾಗ ಒಬ್ಬನ ಕುಂದರಬ್ಯಾಡ. ಬಾ. ಬರಲಿಲ್ಲ ಅಂದ್ರ ನಾನ ಬಂದ ಕರಕೊಂಡ ಹೋಗ್ತೇನಿ." ಹೋದೆ. ಅಳಿಯ ರಾಜೂನದು ಮೆಣಸಿನಕಾಯಿ ವ್ಯಾಪಾರ. ಆ ಮನೆಗೆ ಹೋದವರು ಮೊದಲು ಸೀನುತ್ತಾರೆ, ಆಮೇಲೆ ಆರಾಮವೇ ಎಂದು ಕೇಳುತ್ತಾರೆ. ಸುನಂದಾ ತನ್ನವ್ವನ ಹಾಗೆಯೇ ಕರದಂಟು ಮಾಡಿದ್ದಳು, ತನ್ನವ್ವನ ಹಾಗೆಯೇ ತಟ್ಟೆ ಮುಂದಿಟ್ಟು ಎದುರಿಗೆ ಕುಳಿತಳು. ನಾನು ಅವಳ ಮುಖ ನೋಡದೆ ತಿಂದೆ.

ಪಾಡ್ಯ ಕಳೆದ ಮೇಲೆ ರಾಜೂ, "ಮಾಂವ, ನಾಳೆ ಮಾಲ್ವಣಕ್ಕ ಹೊಂಟೇವಿ. ನೀವೂ ಬರ್ರಿ. ಆಂಬೋಲಿ ಘಾಟ ಇಳದ್ರ ಸಮುದ್ರನ," ಎಂದ. ಗಾಡಿಯಲ್ಲಿ ಕುಳಿತ ಮೇಲೆ ಅವನು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾರೋ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ತಳದಲ್ಲಿ ಮೀನುಗಳ ನಡುವೆ ಕೈ ಬೀಸುತ್ತಿದ್ದರು. ಸ್ಕೂಬಾ ಎಂದ. "ನಿಮಗ ಬುಕ್ ಮಾಡೇನಿ."

"ನನಗ್ಯಾಕ? ನೀವ ಹೋಗ್ರಿ."

ರಾಜೂ ಏನೋ ಹೇಳಹೊರಟ. ಸುನಂದಾ ಕಣ್ಣಲ್ಲೇ ತಡೆದಳು. ಆಗ ನನಗೆ ತಿಳಿಯಿತು, ಇದು ಅಳಿಯನ ಉಮೇದಿಯಲ್ಲ, ಮಗಳ ಹುನ್ನಾರ. ಅಪ್ಪ ಘಾಟಿನಿಂದ ಹಿಂದಿರುಗಿದ ಸುದ್ದಿ ಗಡಹಿಂಗ್ಲಜದ ತನಕ ಬಂದಿತ್ತು. ತಾನು ನೀರು ಕಂಡರೆ ಹೆದರುವ ಹುಡುಗಿ, ನನ್ನನ್ನು ನೀರಿಗೆ ತಳ್ಳಲು ಘಟ್ಟ ಇಳಿಸುತ್ತಿದ್ದಳು.

ಸಮುದ್ರದ ಮೇಲೆ ಬೋಟು ನಿಂತಿತು. ನಮ್ಮನ್ನು ನೀರಿಗೆ ಇಳಿಸುವವನ ಹೆಸರು ದಾಮೂ, ಬಿಸಿಲಿಗೆ ಬೆಂದ ಮುಖ, ಬಾಯಿ ತುಂಬ ನಗು. "ಕಾಕಾ, ಪೋಹತಾ ಯೇತಂ ಕಾ?" ಈಜು ಬರುತ್ತದೆಯೇ ಎಂದು ಕೇಳಿದ.

"ಥೋಡಂಫಾರ," ಎಂದೆ. ಅಷ್ಟಿಷ್ಟು. ರಾಜೂ ನಗು ತಡೆಯಲಾರದೆ ಆ ಕಡೆ ತಿರುಗಿದ.

ದಾಮೂ ಮಾಸ್ಕು ಕೊಟ್ಟ. ರಬ್ಬರಿನ ವಾಸನೆ ಮೂಗು ತುಂಬಿತು. ನೀರಿನಲ್ಲಿ ಮೂಗು ಕಟ್ಟುತ್ತದೆ, ಬಾಯಲ್ಲಿ ಕಚ್ಚಿದ ನಳಿಕೆಯಿಂದಲೇ ಉಸಿರಾಡಬೇಕು, ಏನನ್ನೂ ಮುಟ್ಟಬಾರದು ಎಂದು ಪಾಠ ಹೇಳಿದ. ನಾನು ಎಲ್ಲ ಕೇಳಿಸಿಕೊಂಡು, ಸೊಂಟ ಮುಟ್ಟಿ ನೋಡಿಕೊಂಡು, "ದೋರ ಕುಠಂ ಹಾಯ?" ಎಂದೆ. ಹಗ್ಗ ಎಲ್ಲಿ?

"ದೋರ ನಾಯ್ ಕಾಕಾ. ಮೀ ಮಾಗೇಚ ಆಹೇ." ಹಗ್ಗವಿಲ್ಲ, ಹಿಂದೆಯೇ ನಾನಿರುತ್ತೇನೆ ಎಂದ.

ಹಿಂದಿರುವವನನ್ನು ನೋಡುವುದು ಹೇಗೆ? ಕಾಶವ್ವ ನನ್ನ ಕಣ್ಣಿಗೆ ಕಾಣಿಸುತ್ತಿರಲಿಲ್ಲ ನಿಜ, ಆದರೆ ಸೊಂಟದಲ್ಲಿ ಇರುತ್ತಿದ್ದಳು. ಹಲ್ಲು ಮತ್ತೆ ಕಟಕಟ ಶುರುಮಾಡಿತು. ಎದ್ದುಬಿಡೋಣವೆಂದರೆ ಸುನಂದಾ ಬೋಟಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕುಳಿತಿದ್ದಳು. ಮುಖ ಬೆಳ್ಳಗಾಗಿತ್ತು. ನನಗಾಗಿ ಅವಳು ಅಷ್ಟು ದೂರ ನೀರಿನ ಮೇಲೆ ಬಂದಿದ್ದಳು. ಮಗಳ ಎದುರು ಇನ್ನೊಮ್ಮೆ ಮೆಟ್ಟಿಲು ಹತ್ತುವುದು ನನ್ನಿಂದಾಗಲಿಲ್ಲ. ದಾಮೂ ಸಿಲಿಂಡರ್ ಹಿಡಿದು ಹಿಂದಕ್ಕೆ ಒರಗಿಸಿದ, ನಾನು ಬಿದ್ದೆ.

ಬಿದ್ದವನು ಏನು ಮಾಡಿದೆ? ಆಜನ್ಮ ಮಾಡಿದ್ದನ್ನೇ. ಉಸಿರು ಕಟ್ಟಿದೆ, ಕಣ್ಣು ಗಟ್ಟಿಯಾಗಿ ಮುಚ್ಚಿದೆ, ಕೈ ಮುಂದೆ ಚಾಚಿದೆ. ಬೆನ್ನ ಮೇಲೆ ಸಿಲಿಂಡರ್ ತುಂಬ ಗಾಳಿ, ಕಣ್ಣ ಮುಂದೆ ಸ್ವಚ್ಛ ಗಾಜು, ನಾನು ಮಾತ್ರ ಪಂಚಗಂಗೆಯಲ್ಲೇ ಇದ್ದೆ. ದಾಮೂ ಗಾಬರಿಯಾಗಿ ಮೇಲೆಳೆದು ನಳಿಕೆ ಕಿತ್ತ.

"ಕಾಕಾ, ಶ್ವಾಸ ಘ್ಯಾ! ಅನ್ ಡೋಳೇ ಉಘಡಾ ಕೀ! ಝೋಪಾಯಲಾ ಆಲಾತ ಕಾಯ್?" ಉಸಿರಾಡಿ, ಕಣ್ಣು ತೆಗೆಯಿರಿ, ನಿದ್ದೆ ಮಾಡಲು ಬಂದಿರೇನು ಎಂದು ಬೈದ.

ಎರಡನೆಯ ಸಲ ಉಸಿರಾಡಿದೆ. ನೀರೊಳಗೆ ಉಸಿರಾಡುವುದು ನನಗೆ ಕಳ್ಳತನದಂತೆ ಅನ್ನಿಸಿತು. ಕಣ್ಣು ಮಾತ್ರ ತೆರೆಯಲಿಲ್ಲ. ದಾಮೂ ನನ್ನನ್ನು ಹಿಡಿದು ನಿಧಾನಕ್ಕೆ ಕೆಳಗೆ ಒಯ್ಯುತ್ತಿದ್ದ. ಕಿವಿ ಒತ್ತಿತು. ನನ್ನ ಕೈ ತನ್ನ ಪಾಡಿಗೆ ಮುಂದೆ ತಡಕಾಡುತ್ತಿತ್ತು. ಆಗ ಬೆರಳಿಗೆ ಅದು ಸಿಕ್ಕಿತು. ಮೆತ್ತಗೆ, ಎಳೆಎಳೆಯಾಗಿ, ನೀರಿನ ಜೊತೆ ಅತ್ತಿತ್ತ ಆಡುವಂಥದು.

ಕೂದಲು.

ನನ್ನ ಬೆರಳಿಗೆ ಬೇರೆ ಅರ್ಥ ಗೊತ್ತೇ ಇರಲಿಲ್ಲ. ಇಲ್ಲಿಯೂ ಯಾರೋ ಇದ್ದಾರೆ, ಯಾರ ತಾಯಿಯೋ ದಂಡೆಯಲ್ಲಿ ಕುಳಿತಿದ್ದಾಳೆ ಎಂದುಕೊಂಡು ಅದನ್ನು ಹಿಡಿದೆ. ಒಮ್ಮೆ ಹಿಡಿದ ಮೇಲೆ ಬಿಡಬಾರದು, ಬಿಟ್ಟರೆ ಹೊಳೆ ಮತ್ತೆ ಕೊಡುವುದಿಲ್ಲ. ದಾಮೂ ನನ್ನ ಮಣಿಕಟ್ಟು ಹಿಡಿದು ಬಿಡಿಸಲು ನೋಡಿದ. ನಾನು ಬಿಡಲಿಲ್ಲ. ಅವನು ಮಾಸ್ಕಿನ ಗಾಜಿನ ಮೇಲೆ ಟಕ್ ಟಕ್ ಎಂದು ಬಡಿದ. ಬಾಗಿಲು ಬಡಿದ ಹಾಗೆ. ಬಾಗಿಲು ಬಡಿದರೆ ತೆಗೆಯುವುದು ನನ್ನ ಹಳೆಯ ಚಟ. ತೆರೆದೆ.

ಕೈಯಲ್ಲಿದ್ದದ್ದು ಹೂವು. ಹೂವಲ್ಲ, ಜೀವವೇ, ಆಮೇಲೆ ದಾಮೂ ಹೇಳಿದ, ಬಂಡೆಗೆ ಅಂಟಿಕೊಂಡೇ ಬದುಕುವ ಪ್ರಾಣಿಯಂತೆ. ನೂರಾರು ಎಳೆಗಳು, ತುದಿಯಲ್ಲಿ ಬದನೆಕಾಯಿ ಬಣ್ಣ. ನಾನು ಬೆರಳು ಸಡಿಲಿಸಿದ ಕೂಡಲೇ ಅದು ಮತ್ತೆ ಅರಳಿ ಆಡತೊಡಗಿತು. ಅದರ ಸಂದಿನಿಂದ ಹೆಬ್ಬೆರಳಿನಷ್ಟು ಮೀನೊಂದು ಇಣುಕಿ, ನನ್ನನ್ನು ದಿಟ್ಟಿಸಿ, ಒಳಗೆ ಹೋಯಿತು.

ತಲೆ ಎತ್ತಿದೆ. ನನ್ನ ಸುತ್ತ ಎಷ್ಟು ಮೀನುಗಳಿದ್ದವೋ! ಅರಿಶಿನದ ಮೈಗೆ ಕಪ್ಪು ಪಟ್ಟೆ ಇದ್ದವು ಹಿಂಡುಹಿಂಡಾಗಿ ಮಾಸ್ಕಿನ ತನಕ ಬಂದು ತಿರುಗುತ್ತಿದ್ದವು. ಗಿಳಿಹಸಿರಿನದೊಂದು ದಪ್ಪ ಮೀನು ಬಂಡೆಯನ್ನು ಕಟಕಟ ಕಡಿಯುತ್ತಿತ್ತು. ಆ ಸದ್ದು ನೀರೊಳಗೆ ಕಿವಿಗೆ ಕೇಳುತ್ತಿತ್ತು. ಚಿಂತಾಮಣಿ ನೀಲಿ ಬಣ್ಣದ ಸೀರೆಗೆ ಹಳದಿ ಅಂಚು ಹಾಕಿದರೆ ಹೇಗಿರುತ್ತದೋ ಹಾಗೆ ಒಂದು, ಚಪ್ಪಟೆಯಾಗಿ, ಒಂದೇ ಒಂದು, ಯಾರ ಗೊಡವೆಯೂ ಇಲ್ಲದೆ ಹೋಗುತ್ತಿತ್ತು. ರಾಣಿ ಬಣ್ಣದ ಏನೋ ಬಂಡೆಯ ಬುಡದಲ್ಲಿ ಬೀಸಣಿಗೆಯಂತೆ ನಿಂತಿತ್ತು. ಮೇಲಿನಿಂದ ಬಿಸಿಲು ಹುರಿಹುರಿಯಾಗಿ ಇಳಿದು ಇವೆಲ್ಲದರ ಮೇಲೆ ಅಲುಗುತ್ತಿತ್ತು. ಇವೆಲ್ಲ ಕಾಶವ್ವನ ಬಣ್ಣಗಳು. ಸಂಜೆ ಮನೆಗೆ ಬಂದು, ಇವತ್ತು ಯಾವ ನೂಲು ಸುತ್ತಿದೆ ಎಂದು ಅವಳು ಹೇಳುವಾಗ ಕೇಳಿದ ಹೆಸರುಗಳು. ಅಷ್ಟು ವರ್ಷ ನೀರೊಳಗೆ ಹೋಗಿ ಬಂದವನು ನಾನು. ನೀರೆಂದರೆ ಕತ್ತಲೆ, ನೀರೆಂದರೆ ಸಾವು ಎಂದೇ ತಿಳಿದಿದ್ದೆ. ನೀರಿನಲ್ಲಿ ಯಾರಾದರೂ ಬದುಕುತ್ತಾರೆ, ಅದೂ ಹೀಗೆ ಹಬ್ಬದ ಉಡುಗೆಯಲ್ಲಿ ಬದುಕುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮಾಸ್ಕಿನೊಳಗೆ ಅತ್ತೆ. ಒರೆಸಿಕೊಳ್ಳಲು ಬಾರದು, ಗಾಜು ಮಬ್ಬಾಯಿತು. ಆದರೂ ಕಣ್ಣು ಮುಚ್ಚಲಿಲ್ಲ.

ಮೇಲೆ ಬಂದು ನಳಿಕೆ ತೆಗೆದು ಮೊದಲ ಉಸಿರು ಎಳೆದೆ. ಮುಖ ತಾನಾಗಿ ದಂಡೆಯ ಕಡೆ ತಿರುಗಿತು. ಹೇಳುವುದು ಎಷ್ಟೊಂದಿತ್ತು! ಇಷ್ಟು ವರ್ಷದ 'ಏನಿಲ್ಲ'ಗಳಿಗೆಲ್ಲ ಒಂದೇ ಸಲ ಉತ್ತರ ಕೊಡುವಷ್ಟಿತ್ತು. ನಾನು ಆ ಪ್ರಶ್ನೆಗಾಗಿ ಕಾದೆ.

"ಕಸಂ ವಾಟಲಂ ಕಾಕಾ?" ಹೇಗನ್ನಿಸಿತು ಎಂದು ದಾಮೂ ಕ್ಯಾಮೆರಾ ಹಿಡಿದು ಕೇಳಿದ.

"ಅಂಜಿಕಿ ಆತೇನಪಾ?" ಎಂದಳು ಸುನಂದಾ.

"ಮಾಂವ, ಭಾರೀ!" ಎಂದ ರಾಜೂ.

ಏನು ಕಂಡಿತು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಎಲ್ಲ ವಿಡಿಯೋದಲ್ಲಿ ಬಂದಿತ್ತು. ಸಂಜೆ ಊಟಕ್ಕೆ ಕುಳಿತಾಗ ಮೊಬೈಲು ಕೈಯಿಂದ ಕೈಗೆ ಹೋಯಿತು. ಅದರಲ್ಲಿ ಎಲ್ಲವೂ ಹಸಿರುನೀಲಿ ಮಬ್ಬಾಗಿತ್ತು, ರಾಣಿ ಬಣ್ಣ ಎಲ್ಲಿಯೂ ಇರಲಿಲ್ಲ. ಅರ್ಧ ವಿಡಿಯೋದ ತನಕ ನಾನು ಕಣ್ಣು ಮುಚ್ಚಿಕೊಂಡು ಕುರುಡನಂತೆ ಕೈಯಾಡಿಸುವುದನ್ನು ನೋಡಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಸುನಂದಾ ಮಾತ್ರ ನಗಲಿಲ್ಲ. ಅಂಗೈ ತುರಿಸುತ್ತಿತ್ತು, ಆ ಹೂವಿನಂಥದು ತುಸು ಚುಚ್ಚಿತ್ತು. ನನ್ನ ಹತ್ತಿರ ಉಳಿದ ಗುರುತು ಅದೊಂದೇ, ಎರಡು ದಿನದಲ್ಲಿ ಅದೂ ಹೋಯಿತು.

ಶಹಾಪುರಕ್ಕೆ ಬಂದು ಬೀಗ ತೆಗೆದಾಗ ಮನೆ ಇನ್ನಷ್ಟು ಖಾಲಿ ಎನಿಸಿತು. ದುಃಖವನ್ನು ಒಬ್ಬನೇ ನುಂಗಬಹುದು, ಹೇಗೋ ಅಭ್ಯಾಸವಾಗುತ್ತದೆ. ಸಂತೋಷ ಹೊಟ್ಟೆಯಲ್ಲಿ ಇಟ್ಟುಕೊಂಡು ಒಬ್ಬನೇ ಕೂರುವುದು ಮಾತ್ರ ಬಲು ಕಷ್ಟ. ಸಂಭಾನಿಗೆ ಹೇಳಲು ನೋಡಿದೆ. ಅವನು ಕೇಳಿದ, ಪಾಪ, ಕೊನೆಗೆ ಮೀನಿನ ರೇಟು ಅಲ್ಲಿ ಹೇಗಿದೆ ಎಂದ.

ಚಳಿ ಹೋಯಿತು, ಕಬ್ಬಿನ ಗಾಡಿಗಳು ನಿಂತವು, ಬಿಸಿಲು ಬಂದು ಹೋಯಿತು. ಕಾಶವ್ವನ ವರ್ಷದ ಕಾರ್ಯ ಮುಗಿಸಿದೆವು. ಬೆಂದೂರ ಬಂತು, ಎತ್ತುಗಳ ಹಬ್ಬ. ಘಟ್ಟದಲ್ಲಿ ಆಗಲೇ ಮಳೆ ಬಿದ್ದು ನದಿಗೆ ಹೊಸ ನೀರು ಇಳಿದಿತ್ತು. ಎತ್ತಿನ ಮೈ ತೊಳೆಯಲು ನೀರಿಗಿಳಿದ ರೈತನೊಬ್ಬ ಕಾಲು ಜಾರಿ ಹೋದ. ಎತ್ತುಗಳು ಮಾತ್ರ ದಂಡೆಗೆ ಹತ್ತಿ ಬಂದವು.

ಸಂಭಾ ಬಂದ. ಬಾಗಿಲು ಬಡಿಯಲಿಲ್ಲ. ಹೊರಗೆ ನಿಂತು, ನನ್ನನ್ನು ನೋಡಿ, ನೆಲ ನೋಡಿದ. "ತ್ಯಾಚೀ ಬಾಯಕೋ ಘಾಟಾವರ ಬಸಲೀಯ," ಎಂದ. ಅವನ ಹೆಂಡತಿ ಘಾಟಿನ ಮೇಲೆ ಕುಳಿತಿದ್ದಾಳೆ.

ನಾನು ಗೂಟದಿಂದ ಹಗ್ಗ ತೆಗೆದೆ.

ಘಾಟಿನಲ್ಲಿ ಆ ಹೆಂಗಸು ಎರಡೂ ಎತ್ತಿನ ದಾವಣಿ ಹಗ್ಗವನ್ನು ಬಿಗಿಯಾಗಿ ಹಿಡಿದು ಕುಳಿತಿದ್ದಳು. ಬಿಟ್ಟರೆ ಅವೂ ಹೋಗುತ್ತವೆಯೇನೋ ಎಂಬಂತೆ. ನಾನು ಸೊಂಟಕ್ಕೆ ಹಗ್ಗ ಬಿಗಿದು ತುದಿಯನ್ನು ಸಂಭಾನ ಕೈಗೆ ಕೊಟ್ಟೆ. ನೀರು ಸೊಂಟಕ್ಕೆ ಬಂತು. ಕಾಲು ನಿಂತಿತು. ಹಲ್ಲು ಶುರುಮಾಡಿತು. ಹಿಂದೆ ನೋಡಲಿಲ್ಲ, ನೋಡಿದರೆ ಅಲ್ಲಿ ಕಾಶವ್ವ ಇರುವುದಿಲ್ಲ ಎಂದು ಗೊತ್ತಿತ್ತು. ಉಸಿರು ಕಟ್ಟಿ ಬಿದ್ದೆ.

ಒಳಗೆ ಹೋಗುತ್ತಲೇ ಅಂಜಿಕೆ ಹಿಡಿಯಿತು. ಮಾಸ್ಕಿಲ್ಲ, ಸಿಲಿಂಡರ್ ಇಲ್ಲ, ಹಿಂದೆ ದಾಮೂ ಇಲ್ಲ. ತಿರುಗಿ ಮೇಲೇಳಬೇಕು ಎಂದುಕೊಳ್ಳುವಾಗ ಗಾಜಿನ ಮೇಲೆ ಅವನು ಬಡಿದದ್ದು ನೆನಪಾಯಿತು. ಕಣ್ಣು ತೆರೆದೆ. ಹುಟ್ಟಿದಂದಿನಿಂದ ಮೊದಲ ಸಲ ಮಳೆಗಾಲದ ಹೊಳೆಯಲ್ಲಿ ಕಣ್ಣು ತೆರೆದೆ. ಉಸುಕು ಚುಚ್ಚಿತು, ಉರಿಯಿತು. ಆದರೂ ಕಂಡಿತು. ಕತ್ತಲೆ ಇರಲಿಲ್ಲ. ಗಾಣದಲ್ಲಿ ಬೆಲ್ಲ ಗಟ್ಟಿಯಾಗುವ ಮೊದಲು ಕಾಕಂಬಿಯನ್ನು ಬಿಸಿಲಿಗೆ ಹಿಡಿದರೆ ಯಾವ ಬಣ್ಣವೋ ಆ ಬಣ್ಣ, ನನ್ನ ಸುತ್ತಲೂ, ನನ್ನ ಕೈಯ ನೆರಳು ಅದರಲ್ಲಿ. ಕೆಳಗೆ ಹೋದಂತೆ ಕಂದುಬಣ್ಣವಾಯಿತು, ಇನ್ನೂ ಕೆಳಗೆ ಕಪ್ಪಾಯಿತು. ಅಲ್ಲಿ ಬೆರಳು ತನ್ನ ಕೆಲಸ ಮಾಡಿತು. ಕೆಲವು ಸಲ ಮೇಲೆದ್ದು ಮತ್ತೆ ಮುಳುಗಿದ ಮೇಲೆ, ಮೆಟ್ಟಿಲ ಬುಡದ ಕಲ್ಲಿನ ಸಂದಿಯಲ್ಲಿ ಅವನು ಸಿಕ್ಕ. ನಾನು ಎರಡು ಸಲ ಜಗ್ಗಿದೆ. ಸಂಭಾ ಎಳೆದ.

ದಂಡೆಗೆ ಬಂದೆವು. ಅವಳು ದಾವಣಿ ಬಿಟ್ಟು ಓಡಿ ಬಂದು ಅವನ ಮೇಲೆ ಬಿದ್ದಳು. ಜನರೆಲ್ಲ ಆ ಕಡೆ ಸರಿದರು. ನಾನು ಕೆಳಗಿನ ಮೆಟ್ಟಿಲ ಮೇಲೆ ಒಬ್ಬನೇ ಕುಳಿತೆ. ಕಣ್ಣು ಉರಿಯುತ್ತಿತ್ತು, ಮೈಯಿಂದ ಕೆಂಪು ರಾಡಿ ನೀರು ಇಳಿಯುತ್ತಿತ್ತು. ಮೊದಲ ಉಸಿರು, ಎರಡನೆಯ ಉಸಿರು. ಯಾರೂ ಏನೂ ಕೇಳಲಿಲ್ಲ.

"ಕಾಕಂಬಿ ಬಣ್ಣ ಐತಿ ಕಾಶೀ," ಎಂದೆ. "ಕತ್ತಲಿ ಅಲ್ಲ."

ಹಗ್ಗ ಸುತ್ತುತ್ತಿದ್ದ ಸಂಭಾ ತಲೆ ಎತ್ತಿದ. "ಕಾಯ್ ಮ್ಹಣಾಲಾಸ ರೇ?" ಏನಂದೆಯೋ ಎಂದು ಕೇಳಿದ.

"ಕಾಯ್ ನಾಯ್," ಎಂದೆ. ಏನಿಲ್ಲ.